ನಾನು ಕತ್ತರಿಸಿದ ಎರಡು ಬೆರಳು ಕಾಗದ

ನಾನು ಓದಿದ್ದು ಐದನೇ ತರಗತಿ. ಆದರೆ ಚಿತ್ರಗಳಿಗೆ ಕಟ್ಟು ಹಾಕುವ ಕೆಲಸದಲ್ಲಿ ಸೌದಿಯ ಅಲ್ ಖೋಬರಿನಲ್ಲಿ ನನಗೆ ಸಮ ಯಾರೂ ಇರಲಿಲ್ಲ. ಇದನ್ನು ಈಗಲೂ ಅಂಜದೆ ಹೇಳುತ್ತೇನೆ. ತೊಂಬತ್ತರ ದಶಕದ ನಡುವಿನಲ್ಲಿ ತಮ್ಮನನ್ನೂ ನಾನು ಕೆಲಸಕ್ಕಿದ್ದ ಅಂಗಡಿಗೆ ಕರೆಸಿಕೊಂಡೆ. ಅವನು ಹತ್ತನೇ ತರಗತಿ ಪಾಸು, ಇಂಗ್ಲಿಷ್ ಬರುತ್ತಿತ್ತು. ಗಿರಾಕಿಗಳ ಹತ್ತಿರ ಮಾತು ಅವನದು, ಬ್ಲೇಡು ನನ್ನದು.

ಒಂದು ದಿನ ಪಕ್ಕದ ದಹ್ರಾನಿನ ಎಣ್ಣೆ ಕಂಪನಿ ಕ್ಯಾಂಪಿನ ಬಿಳಿಯ ಎಂಜಿನಿಯರ್ ಒಬ್ಬ ಹಳೆಯ ಕಾಗದವೊಂದನ್ನು ತಂದ. ಕಂದು ಶಾಯಿಯಲ್ಲಿ ಬಿಡಿಸಿದ ಮರಿಯಮ್ಮನವರು, ಮಡಿಲಲ್ಲಿ ಬಾಲಯೇಸು. ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ ಅವನು ಅದನ್ನು ಮಾರಬೇಕೆಂದಿದ್ದ. ಕೊಳ್ಳುವವನೊಬ್ಬ ನೋಡಲು ಬರುವವನಿದ್ದ. ಇಟಲಿಯ ದೊಡ್ಡ ಕಲಾವಿದನ ಕೈಯದ್ದಿರಬಹುದು, ಅವನ ಶಿಷ್ಯನದ್ದೂ ಇರಬಹುದು, ಯಾರೂ ಖಚಿತವಾಗಿ ಹೇಳುವುದಿಲ್ಲ ಎಂದನಂತೆ. ತಮ್ಮ ನನಗೆ ತಿಳಿಸಿ ಹೇಳಿದ.

ಬೇರೆ ಧರ್ಮದ ಚಿತ್ರ ಎಲ್ಲರಿಗೆ ಕಾಣುವಂತೆ ಇಡಲು ಆ ದೇಶದಲ್ಲಿ ಬಿಡುವುದಿಲ್ಲ, ಹಾಗಾಗಿ ಅದನ್ನು ಅಂಗಡಿಯ ಮುಂದಿನ ಮೇಜಿನ ಮೇಲೆ ಇಡುವಂತಿರಲಿಲ್ಲ. ಒಳಕೋಣೆಗೆ ತಂದು ಬಾಗಿಲು ಹಾಕಿ, ಶಿಲುಬೆಯ ಗುರುತು ಮಾಡಿ ಕೂತೆ. ಚಿತ್ರದ ಕೆಳಗೆ ಎರಡು ಬೆರಳು ಅಗಲದಲ್ಲಿ ಮಾಸಿದ ಬರಹ, ಒಂದು ಸಣ್ಣ ಮುದ್ರೆ. ನಮ್ಮ ಮನೆಗಳಲ್ಲಿ ವರ್ಷ ಮುಗಿದ ಕ್ಯಾಲೆಂಡರಿನ ಮಾತೆಯ ಚಿತ್ರವನ್ನು ಬಿಸಾಡುವುದಿಲ್ಲ. ಕೆಳಗಿನ ತಾರೀಕು, ಅಂಗಡಿಯ ಹೆಸರು ಕತ್ತರಿಸಿ ತೆಗೆದು ಕಟ್ಟು ಹಾಕಿಸುತ್ತೇವೆ. ಮಾತೆಯ ಪಾದದ ಕೆಳಗೆ ಬಟ್ಟೆ ಅಂಗಡಿಯ ಹೆಸರು ಇರಬಾರದು. ಚಿಕ್ಕಂದಿನಿಂದ ಅದೆಷ್ಟು ಕತ್ತರಿಸಿದ್ದೆನೋ. ಇದಕ್ಕೂ ಸ್ಕೇಲು ಇಟ್ಟೆ.

"ಅಣ್ಣಾ, ಅದು ತೆಗೀಬೇಡ. ಎಂತದೋ ಹೆಸರು ಉಂಟು ಅದ್ರಲ್ಲಿ. ಅವರನ್ನು ಕೇಳಿ ನೋಡುವ."

"ಹತ್ತನೇ ಪಾಸಾದವ ನನಗೆ ಕಟ್ಟು ಹಾಕ್ಲಿಕ್ಕೆ ಕಲಿಸ್ತೀಯಾ ಮಾರಾಯ? ಹೋಗು, ಗ್ಲಾಸು ಒರೆಸು."

ಒಂದೇ ಎಳೆತಕ್ಕೆ ಕತ್ತರಿಸಿದೆ. ಆ ಚೂರು ಕಸದ ಜೊತೆ ಹೋಯಿತು.

ಚಿತ್ರ ಒಯ್ಯಲು ಬಂದ ಎಂಜಿನಿಯರ್ ಅದನ್ನು ನೋಡಿ ಕುರ್ಚಿಯಲ್ಲಿ ಕುಸಿದು ಕೂತ. ಆ ಬರಹ ದೊಡ್ಡ ಕಲಾವಿದನ ಹೆಸರಂತೆ. ನಿಜವೋ ಸುಳ್ಳೋ, ಇದ್ದ ಸಾಕ್ಷಿ ಅದೊಂದೇ. ಇನ್ನು ಇದನ್ನು ಯಾರು ಕೊಳ್ಳುತ್ತಾರೆ ಎಂದ. ಗಲಾಟೆ ಕೇಳಿ ನಮ್ಮ ಕಫೀಲ್, ಅಂಗಡಿಯ ಮಾಲೀಕ, ಒಳಗೆ ಬಂದ.

"ಕೌನ್ ಕಾಟಾ?" ಯಾರು ಕತ್ತರಿಸಿದ್ದು ಎಂದು ತನ್ನ ಹರಕು ಹಿಂದಿಯಲ್ಲಿ ಕೇಳಿದ.

ಹೇಳಬಹುದಿತ್ತು. ನಾನು ಹಳಬ, ಬೇಕಾದವನು. ಬೈದು ಬಿಟ್ಟುಬಿಡುತ್ತಿದ್ದ. ಆದರೆ ಎಲ್ಲರೆದುರು ನನ್ನ ಕೈಯಿಂದ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ತಮ್ಮನ ಕಡೆ ಬೆರಳು ತೋರಿಸಿದೆ.

ತಮ್ಮ ನನ್ನನ್ನೊಮ್ಮೆ ನೋಡಿ, "ಸಾರಿ ಸರ್" ಎಂದ. ವಾರದೊಳಗೆ ಮಾಲೀಕ ಅವನ ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ರದ್ದು ಮಾಡಿಸಿ ಊರಿಗೆ ಕಳಿಸಿದ. ಬಡತನಕ್ಕೆ ಹೆದರಿ ಹೀಗೆ ಮಾಡಿದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಒಳ್ಳೆಯ ಕೆಲಸಗಾರ ಎಂಬ ಹೆಸರಿಗಾಗಿ ಮಾಡಿದೆ.

ಮರುವರ್ಷ ರಜೆಯಲ್ಲಿ ಊರಿಗೆ ಹೋದಾಗ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿದೆ. "ನನ್ನ ಹತ್ತಿರ ಹೇಳಿದ್ದು ಸಾಲದು, ತಮ್ಮನ ಹತ್ತಿರ ಹೇಳು" ಎಂದರು ಗುರುಗಳು. ಅಂದೇ ಹೇಳಿಬಿಡುವುದೆಂದು ಮಧ್ಯಾಹ್ನ ಅವನ ಎದುರು ಊಟಕ್ಕೆ ಕೂತೆ. ಅಮ್ಮ ಮೀನು ಬಡಿಸುತ್ತಾ ಕೇಳಿದರು:

"ಹೌದಾ ಮಗ, ಇವನಿಗೆ ಅಲ್ಲಿಯ ಶೆಖೆ ಆಗ್ಲಿಲ್ವಂತೆ? ನಮ್ಮಲ್ಲಿ ಇಲ್ಲದ ಶೆಖೆ ಎಂತದು ಅಲ್ಲಿ?"

ನನ್ನ ಹೆಸರೆತ್ತದೆ, ಶೆಖೆ ತಾಳದೆ ಬಂದೆ ಎಂದು ಅವನು ಊರಿಗೆಲ್ಲ ಹೇಳಿಕೊಂಡಿದ್ದಾನೆಂದು ನನಗೆ ಆಗ ತಿಳಿಯಿತು. ಅವನು ತಲೆ ಎತ್ತದೆ ಮೀನಿನ ಮುಳ್ಳು ಬಿಡಿಸುತ್ತಿದ್ದ.

"ಹೌದಮ್ಮ," ಎಂದೆ. "ಅಲ್ಲಿ ಶೆಖೆ ಜಾಸ್ತಿ."