ಬುಟ್ಟ್ಯಾಗ ಕುಂತ ಕೆಂಪು ಕೋಳಿ

ಬೆಲ್ಲದ ಬಾಗೇವಾಡಿಯ ಒಂದು ಮನೆಗೆ ಬಾವಿಯ ಮೋಟರ್ ರಿಪೇರಿಗೆ ಹೋಗಿದ್ದೆ. ನನ್ನಂಥ ಮಿಸ್ತ್ರಿ ಹುಕ್ಕೇರಿ ತಾಲೂಕಿನಲ್ಲೇ ಇಲ್ಲ, ಅದು ಬೇರೆ ಮಾತು. ಹಿತ್ತಲಲ್ಲಿ ಬೆನ್ನಿನ ಪುಕ್ಕ ಉದುರಿದ ಕೋಳಿಯೊಂದು ಗೋಡೆಗೆ ಅಂಟಿ ನಿಂತಿತ್ತು. ಮನೆಯವರ ಮಗಳು ಮೂಡಲಗಿಯಲ್ಲಿದ್ದಳು; ಅವಳ ಮನೆಯ ಕೋಳಿಗಳಿಂದ ಕುಕ್ಕಿಸಿಕೊಂಡು ಇಲ್ಲಿಗೆ ಬಂದದ್ದಂತೆ. ಇಲ್ಲಿಯೂ ಒಂದು ದಪ್ಪ ಕೆಂಪು ಕೋಳಿ ಅದನ್ನು ಕಾಳಿನ ಹತ್ತಿರ ಬಿಡುತ್ತಿರಲಿಲ್ಲ.

"ರವಿವಾರ ಬೀಗರು ಬರ್ತಾರ. ಅಷ್ಟರಾಗ ಹೊಂದಲಿಲ್ಲಂದ್ರ ಸಾರಿಗೇ," ಅಂದ ಯಜಮಾನ. ಅವನ ಹೆಂಡತಿಯ ಮುಖ ಸಣ್ಣದಾಯಿತು.

"ನಾ ಹೊಂದಸ್ತೀನ್ರಿ ಅಕ್ಕಾ. ನಾ ಹುಟ್ಟಿದ್ದ ಕೋಳಿಗೂಡಿನ ಬಾಜೂಕ!" ಅಂದೆ.

"ಮೋಟರ್ ತಿರಗವಲ್ದು, ಕೋಳಿ ತಿರಗಸ್ತಾನಂತ," ಯಜಮಾನ ನಕ್ಕ.

ನಾನು ಕೆಂಪು ಕೋಳಿಯನ್ನೇ ಹಿಡಿದು ಅದರ ಮೇಲೆ ಬುಟ್ಟಿ ಕವುಚಿದೆ.

"ಏ ತಮ್ಮಾ, ಬಡಸ್ಕೊಂಡಾಕಿ ಅದಲ್ಲೋ!" ಅಕ್ಕ ಕೂಗಿದಳು.

"ಗೊತ್ತೈತ್ರಿ. ಬಡದಾಕೀನ ಒಳಗ ಕುಂದ್ರಲಿ."

ಅಲ್ಲಿಯವರೆಗೆ ಒಳಗೇ ಕಾಳು-ನೀರು ಕೊಟ್ಟು, ರವಿವಾರ ಬುಟ್ಟಿ ಎತ್ತಿದೆವು. ಅಷ್ಟರಲ್ಲಿ ಹೊಸ ಕೋಳಿ ಉಳಿದವುಗಳ ನಡುವೆ ನಿಂತು ಕಾಳು ಹೆಕ್ಕುತ್ತಿತ್ತು. ಈಗ ಕೆಂಪು ಕೋಳಿಯೇ ಹೊಸದಾಗಿ ಬಂದವರಂತೆ ಗೋಡೆಗೆ ಅಂಟಿತು. ಬೀಗರಿಗೆ ಬದನೀಕಾಯಿ ಎಣ್ಣಿಗಾಯಿ ಆಯಿತು. ಮೋಟರ್ ಮಾತ್ರ ಬಿಚ್ಚಿದ್ದು ಬಿಚ್ಚಿದಂತೆಯೇ ಬಿದ್ದಿತ್ತು.

ಆ ಊರವರು ಈಗಲೂ ನನಗೆ ಹೇಳಿ ಕಳಿಸುತ್ತಾರೆ, ಕೋಳಿ ಜಗಳ ಬಿಡಿಸಲು. ಮೋಟರ್ ಕೆಟ್ಟರೆ ಗೋಕಾಕದಿಂದ ಇನ್ಯಾರನ್ನೋ ಕರೆಸುತ್ತಾರೆ.