ಹಾನಗಲ್ಲಿಗೆ ಕಟ್ಟಿಕೊಂಡು ಹೋದ ಗಂಜಿ

ಗಂಜಿ ಸೋಸುತ್ತಿದ್ದಾಗ ಫೋನು ಬಂತು. ಪಾತ್ರೆಯ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ, ಮೆತ್ತಗೆ ಬೆಂದ ಅಕ್ಕಿಯನ್ನು ಅದರ ಮೇಲೆ ಸುರುವಿ ಚಮಚದಿಂದ ತಿಕ್ಕುತ್ತಿದ್ದೆ. ಒಂದು ಅಗುಳೂ ಕೆಳಗೆ ಇಳಿಯಬಾರದು. ಮೂರು ತಿಂಗಳಿಂದ ದಿನಕ್ಕೆ ಮೂರು ಸಲ ಇದೇ ಕೆಲಸ. ಮಗಳು ಫೋನು ಎತ್ತಿ “ಹೌದ್ರಿ ಸರ, ಹೌದ್ರಿ” ಎನ್ನುತ್ತಲೇ ಅಡುಗೆಮನೆಗೆ ಬಂದಳು. ಅವಳ ಮುಖ ನೋಡಿ ನನ್ನ ಚಮಚ ನಿಂತಿತು.

“ಅವ್ವ, ಹುಬ್ಬಳ್ಳಿ ದವಾಖಾನಿಯಿಂದ. ಎಲ್ಲಾ ರಿಪೋರ್ಟು ಚಲೋ ಬಂದಾವಂತ. ಅಪ್ಪಗ ಏನೂ ಇಲ್ಲಂತ. ಇನ್ನ ಎಲ್ಲಾ ತಿನಬಹುದಂತ, ರೊಟ್ಟಿನೂ!”

ನಾನು ದೇವರ ಜಗಲಿಯ ಮುಂದೆ ಹೋಗಿ ಹಣೆ ಹಚ್ಚಿದೆ. ಹಿಂದಿನಿಂದ ನಾದಿನಿ ಕೂಗಿದಳು.

“ವೈನಿ, ಕೈ ತೊಳಕೊರ್ರಿ ಮೊದ್ಲ. ದೇವರಿಗೂ ಗಂಜಿ ಹಚ್ಚಾಕತ್ತೀರಿ!”

ಅವಳು ನನ್ನ ಯಜಮಾನರ ತಂಗಿ. ಅಣ್ಣನ ಆಪರೇಷನ್ನಿಗೆಂದು ಹಿರೇಕೆರೂರಿನಿಂದ ನಾಲ್ಕು ದಿನಕ್ಕೆ ಬಂದವಳು ಮೂರು ತಿಂಗಳು ನಿಂತಳು. ಅವಳ ಬಾಯಿ ಜೋರು, ಆದರೆ ಆ ಬಾಯಿ ಇಲ್ಲದಿದ್ದರೆ ನಾನು ಆ ದಿನಗಳನ್ನು ಅಳುತ್ತಲೇ ಕಳೆಯುತ್ತಿದ್ದೆ.

ಯಜಮಾನರಿಗೆ ಶಿಗ್ಗಾಂವದಲ್ಲಿ ಕಾಳಿನ ಅಂಗಡಿ. ಗಂಟಲಲ್ಲಿ ಗಂಟು ಕಾಣಿಸಿತು, ತೆಗೆಸಿದೆವು. ಮನೆಗೆ ಬಂದ ಹದಿನೈದನೆಯ ದಿನ ಅವರು ಆಸೆಯಿಂದ ಬಿಸಿ ರೊಟ್ಟಿಯ ಒಂದು ಚೂರು ಬಾಯಿಗೆ ಹಾಕಿಕೊಂಡರು. ಅದು ಗಂಟಲಲ್ಲಿ ನಿಂತುಬಿಟ್ಟಿತು. ಮುಖ ಕಪ್ಪಿಟ್ಟಿತು, ಕಣ್ಣು ಮೇಲಾದವು. ನಾದಿನಿ ಬೆನ್ನಿಗೆ ಗುದ್ದಿದ ಮೇಲೆ ಅದು ಹೊರಗೆ ಬಿತ್ತು. ಅಂದಿನಿಂದ ಅವರು ರೊಟ್ಟಿಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಿಂದಿನ ತಿಂಗಳೇ ಡಾಕ್ಟರು “ಮೆತ್ತಗಿನದನ್ನು ಸ್ವಲ್ಪ ಸ್ವಲ್ಪ ಕೊಡಿ” ಎಂದಿದ್ದರು. ನಾನು ತಲೆಯಾಡಿಸಿ ಬಂದು ಮತ್ತೆ ಬಟ್ಟೆ ಕಟ್ಟಿ ಸೋಸಿದ್ದೆ.

ಫೋನಿನ ಸಂತೋಷಕ್ಕೆ ಎಲ್ಲರೂ ಹೊರಗೆ ಹೋಗಿ ನಾಲ್ಕು ಕಡೆ ನೋಡಿಕೊಂಡು, ಊಟ ಮಾಡಿ ಬರೋಣವೆಂದಾಯಿತು. ಎಲ್ಲಿಗೆ ಎನ್ನುವುದೇ ದೊಡ್ಡ ಪಂಚಾಯಿತಿ. ಹೈವೇ ಮೇಲಿನ ಹೊಸ ಹೋಟೆಲಿಗೆ ಹೋಗೋಣ ಎಂದಳು ಮಗಳು. ಅಲ್ಲಿ ಕಾರಂಜಿ ಇದೆಯಂತೆ. ನಾದಿನಿಯ ಮನಸ್ಸು ಸವಣೂರಿನ ಮೇಲೆ.

“ಆ ದೊಡ್ಡ ಹುಣಸಿ ಗಿಡ ನೋಡೂಣು. ನಾವು ನಾಕೂ ಮಂದಿ ಕೈ ಹಿಡಕೊಂಡ್ರೂ ತೆಕ್ಕಿಗೆ ಸಿಗಂಗಿಲ್ಲ. ಬರುವಾಗ ಸವಣೂರ ಖಾರ ತರೂಣು.”

“ಅಪ್ಪಗ ಖಾರ ತಿನಸ್ತೀಯೇನ ಅತ್ತಿ?”

“ನಿಮ್ಮಪ್ಪ ಗಿಡ ನೋಡ್ಲಿ, ಖಾರ ನಾ ತಿಂತೇನಿ.”

ಯಜಮಾನರು ಪಡಸಾಲೆಯಿಂದ ಸಣ್ಣ ದನಿಯಲ್ಲಿ ಹೇಳಿದರು. “ಹಾನಗಲ್ಲಿಗೆ ಹೋಗೂಣು. ಗುಡಿಯಾಗಿನ ಮ್ಯಾಲಿನ ಕಮಲ ನೋಡಬೇಕು. ಆಮ್ಯಾಲ ಖಾನಾವಳಿಯಾಗ ಎಲ್ಲಾರ ಸಾಲಿನ್ಯಾಗ ಕುಂತು ಉಣಬೇಕು.”

ಭತ್ತದ ವ್ಯಾಪಾರಕ್ಕೆ ಹಾನಗಲ್ಲಿಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಅಲ್ಲಿಯೇ ಉಣ್ಣುತ್ತಿದ್ದರಂತೆ. ಕಾಯಿಲೆಯಿಂದ ಎದ್ದವರ ಮಾತಿಗೆ ಎದುರು ಯಾರು ಆಡುತ್ತಾರೆ? ಅವತ್ತೇ ಮಧ್ಯಾಹ್ನ ಹಾನಗಲ್ಲಿಗೆ ಹೊರಡುವುದು ಗಟ್ಟಿಯಾಯಿತು.

ನಾನು ಮಾತ್ರ ಯಾರಿಗೂ ಹೇಳದೆ ಸೋಸಿದ ಗಂಜಿಯನ್ನು ಸ್ಟೀಲ್ ಡಬ್ಬಿಗೆ ತುಂಬಿ, ಟವೆಲ್ಲಿನಲ್ಲಿ ಸುತ್ತಿ, ಚೀಲದ ತಳಕ್ಕೆ ಇಟ್ಟುಕೊಂಡೆ.

ಹೆಂಗಸರಾದ ನಮಗೆ ಮೂವರಿಗೂ ಬಸ್ಸು ಪುಕ್ಕಟೆ. “ಟಿಕೀಟ ಅಣ್ಣಂದೊಂದ, ಸೀಟು ಮಾತ್ರ ನಮಗ ಮೊದ್ಲ” ಎಂದು ನಾದಿನಿ ಹತ್ತಿದಳು. ಯಜಮಾನರಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಂಜೆ ದೀಪ ಹಚ್ಚಿ ಆ ದಿನದ ಶಿವನ ಉಪಕಾರಗಳನ್ನು ಬೆರಳ ಗೆರೆಯ ಮೇಲೆ ಎಣಿಸುವುದು ನನ್ನ ರೂಢಿ. ಆ ದಿನ ಬಸ್ಸಿನಲ್ಲೇ ಶುರು ಮಾಡಿದೆ. ಫೋನು ಬಂದದ್ದು ಒಂದು, ಕಿಟಕಿ ಸಿಕ್ಕಿದ್ದು ಎರಡು, ಗಾಳಿಗೆ ಅವರು ತೂಕಡಿಸಿದ್ದು ಮೂರು. ಬಂಕಾಪುರ ದಾಟಿದ ಮೇಲೆ ಮುಂದಿನ ಸೀಟಿನ ಮಗು ಹಿಂದೆ ತಿರುಗಿ ಅವರನ್ನು ನೋಡಿ ನಕ್ಕಿತು, ಅದನ್ನೂ ಸೇರಿಸಿದೆ.

ತಾರಕೇಶ್ವರನ ಗುಡಿಯೊಳಗೆ ತಂಪಿತ್ತು. ನಡುವಿನ ಮಂಟಪದಲ್ಲಿ ನಿಂತರೆ ತಲೆಯ ಮೇಲೆ ಕಲ್ಲಿನ ದೊಡ್ಡ ಕಮಲ. ನಾದಿನಿ ಸೆರಗು ಬಾಯಿಗೆ ಹಚ್ಚಿ ನಿಂತಳು.

“ಯಪ್ಪಾ, ಇಷ್ಟು ಭಾರ ಹೊತಗೊಂಡು ಎಷ್ಟು ವರ್ಷದಿಂದ ನಿಂತೈತಿ. ನಮ್ಮ ಮನಿ ಮಾಳಿಗಿ ನೋಡ್ರಿ, ಎರಡು ಮಳಿಗೇ ಸೋರತೈತಿ.”

ಯಜಮಾನರು ಮೆಲ್ಲನೆ ತಲೆ ಹಿಂದಕ್ಕೆ ಬಾಗಿಸಿದರು. ಆಪರೇಷನ್ ಆದಾಗಿನಿಂದ ಅವರು ಮೇಲೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಕೊರಳ ಗಾಯಕ್ಕೆ ತಾಗದಿರಲೆಂದು ಲಿಂಗವನ್ನು ತೋಳಿಗೆ ಕಟ್ಟಿಕೊಂಡಿದ್ದರು. ಬರಿಗೊರಳಿನ ಮೇಲೆ ಹೊಲಿಗೆಯ ಗೆರೆ ಎದ್ದು ಕಾಣುತ್ತಿತ್ತು. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಅವರ ತಲೆಯ ಹಿಂದೆ ಹೋಗಿತ್ತು.

“ಬಿಡ, ನಾ ಬೀಳಂಗಿಲ್ಲ” ಎಂದರು.

ಕೈ ತೆಗೆದೆ. ಅವರು ಬಹಳ ಹೊತ್ತು ನೋಡಿದರು. ಕಮಲ ನೋಡಿದ್ದು ಅವರು, ನಾನು ನೋಡಿದ್ದು ಅವರ ಕೊರಳನ್ನು. ಆಮೇಲೆ ಕೆರೆಯ ದಂಡೆಯಲ್ಲಿ ಕೂತೆವು. ಮಗಳು ಫೋಟೋ ತೆಗೆದಳು.

ದೀಪ ಹಚ್ಚುವ ಹೊತ್ತಿಗೆ ಖಾನಾವಳಿಗೆ ಹೋದೆವು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ, ಮೊಸರು. ಯಜಮಾನರು ತಟ್ಟೆ ನೋಡುತ್ತ ಕೂತರು, ರೊಟ್ಟಿ ಮುಟ್ಟಲಿಲ್ಲ. ನನಗೆ ಆ ಹದಿನೈದನೆಯ ದಿನ ಕಣ್ಣ ಮುಂದೆ ಬಂತು. ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.

“ಅವ್ವಾ!” ಎಂದಳು ಮಗಳು. ಅವಳಿಗೆ ಅಳು ಬಂದಿತ್ತು. “ಇವತ್ತೂ ಗಂಜೀನ?”

ಖಾನಾವಳಿಯ ಯಜಮಾನಿ ನನ್ನ ವಯಸ್ಸಿನವಳೇ. ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಬಂದು ಡಬ್ಬಿ ನೋಡಿದಳು.

“ಏನ್ರಿ ಯಕ್ಕಾ, ನಮ್ಮ ಖಾನಾವಳಿಗೆ ಬಂದು ಮನಿ ಬುತ್ತಿ ಬಿಚ್ಚತೀರಿ? ನಮ್ಮ ರೊಟ್ಟಿ ಅಷ್ಟು ಕೆಟ್ಟದಾವೇನು?”

ನಾಚಿಕೆಯಿಂದ ಆದದ್ದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಲೂ ಇಲ್ಲ. “ಹಂಗಂದ್ರ ಮುಟಿಗಿ ಮಾಡಿ ಕೊಡ್ತೇನಿ, ಕುಂದರ್ರಿ” ಎಂದು ಒಳಗೆ ಹೋದಳು.

ಮುಟಿಗೆ ಎಂದರೆ ದಪ್ಪ ಬಿಸಿ ರೊಟ್ಟಿಯನ್ನು ಜೀರಿಗೆ, ಬೆಳ್ಳುಳ್ಳಿ, ಉಪ್ಪು, ತುಪ್ಪದೊಂದಿಗೆ ಒರಳಲ್ಲಿ ಕುಟ್ಟಿ ಮುಷ್ಟಿಯಲ್ಲಿ ಹಿಚುಕಿದ ಉಂಡೆ. ಬಾಯಿಗಿಟ್ಟರೆ ಕರಗುತ್ತದೆ. ಹಲ್ಲು ಬಾರದ ಮಗಳಿಗೆ ನಾನೇ ಎಷ್ಟು ಸಲ ಮಾಡಿದ್ದೇನೆ! ಮೂರು ತಿಂಗಳಲ್ಲಿ ಒಮ್ಮೆಯೂ ಅದು ನೆನಪಾಗಲಿಲ್ಲವಲ್ಲ.

ಅವಳು ತಂದು ತಟ್ಟೆಗಿಟ್ಟಳು. ಖಾರ ಹಾಕಿರಲಿಲ್ಲ. ಯಜಮಾನರು ಡಬ್ಬಿಯನ್ನು ನನ್ನ ಕಡೆ ಸರಿಸಿ, ಉಂಡೆಯಿಂದ ಒಂದು ತುತ್ತು ಮುರಿದು ತೋಳಿನ ಲಿಂಗಕ್ಕೆ ತೋರಿಸಿ ಬಾಯಿಗಿಟ್ಟರು. ಅಗಿದರು, ಅಗಿದರು. ನುಂಗಿದರು. ಹಾಗೇ ಕೂತುಬಿಟ್ಟರು, ಕಣ್ಣಲ್ಲಿ ನೀರು. ನಾನು ಅರ್ಧ ಎದ್ದಿದ್ದೆ. ನಾದಿನಿಯ ಮುಷ್ಟಿ ಬೆನ್ನಿಗೆ ಗುದ್ದಲು ಮೇಲೆದ್ದಿತ್ತು.

“ಉಪ್ಪೈತಿ” ಎಂದರು.

“ಏನಂದ್ರಿ?”

“ಉಪ್ಪೈತಿ ಅಂದೆ. ಚಲೋ ಐತಿ.” ಇನ್ನೊಂದು ತುತ್ತು ಮುರಿದರು.

ನಾದಿನಿ ಮುಷ್ಟಿ ಇಳಿಸಿ ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳು. ನಾನು ಕೂತೆ. ಅನ್ನವನ್ನು ಚೆಲ್ಲುವವಳಲ್ಲ ನಾನು, ಡಬ್ಬಿಯ ಗಂಜಿ ನಾನೇ ಕುಡಿದೆ.

ಒಂದು ಹರಳು ಉಪ್ಪಿಲ್ಲ.

ನಮ್ಮಲ್ಲಿ ಲಿಂಗಕ್ಕೆ ತೋರಿಸುವ ಮೊದಲು ಅಡುಗೆಯ ರುಚಿ ನೋಡುವುದಿಲ್ಲ, ಎಂಜಲಾಗುತ್ತದೆ. ಮೊದಲ ವಾರ ಉಪ್ಪು ಬೇಡವೆಂದು ದವಾಖಾನೆಯಲ್ಲಿ ಹೇಳಿದ್ದರು, ಬಿಟ್ಟೆ. ಆಮೇಲೆ ಹಾಕುವುದೇ ಮರೆತುಹೋಯಿತು. ಮೂರು ತಿಂಗಳು, ದಿನಕ್ಕೆ ಮೂರು ಸಲ ಅವರು ಈ ಬಿಳಿ ನೀರನ್ನು ಕುಡಿದು, ಬಟ್ಟಲು ಕೆಳಗಿಟ್ಟು, “ಆತು” ಎಂದಿದ್ದರು.

“ಯಾಕ ಹೇಳ್ಲಿಲ್ರಿ?” ಎಂದೆ.

“ತಾಸುಗಟ್ಟಲೆ ನಿಂತು ಸೋಸತಿದ್ದಿ. ಅದಕ್ಕ ಉಪ್ಪಿಲ್ಲ ಅಂತ ಹೆಂಗ ಅನ್ಲಿ?”

“ಅಣ್ಣ, ವೈನಿದು ಇಷ್ಟು ವರ್ಷದಾಗ ಒಂದ ತಪ್ಪು ಸಿಕ್ಕೈತಿ” ಎಂದಳು ನಾದಿನಿ. “ಸಾಯೂತನಕ ಬಿಡಬ್ಯಾಡ.”

ಎಲ್ಲರೂ ನಕ್ಕರು, ಖಾನಾವಳಿಯವಳೂ ನಕ್ಕು ಎರಡನೆಯ ಮುಟಿಗೆ ತಂದಿಟ್ಟಳು. ಬೇಡವೆಂದರೂ ಬಿಡಲಿಲ್ಲ. ಯಜಮಾನರು ಅದನ್ನೂ ಮುಗಿಸಿದರು. ಆ ದಿನ ನನ್ನ ಬೆರಳ ಗೆರೆಗಳು ಸಾಲಲಿಲ್ಲ. ಹೆಸರೂ ಕೇಳದೆ ಬಂದೆ, ಆದರೆ ಆ ಹೆಂಗಸಿನ ಮುಷ್ಟಿಯನ್ನು ಈಗಲೂ ದೀಪದ ಮುಂದೆ ನೆನೆಯುತ್ತೇನೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಅಡುಗೆಮನೆಗೆ ಬಂದೆ. ಧೋತರದ ತುಂಡು ಮೊಳೆಗೆ ಹಾಗೇ ತೂಗುತ್ತಿತ್ತು. ಅದನ್ನು ಬಿಸಿನೀರಲ್ಲಿ ಒಗೆದು, ನೆನೆದ ಮಡಕಿ ಕಾಳು ಅದರಲ್ಲಿ ಸುರುವಿ, ಮೊಳಕೆಯೊಡೆಯಲೆಂದು ಬಿಗಿಯಾಗಿ ಗಂಟು ಕಟ್ಟಿ ತೂಗುಹಾಕಿದೆ. ರೊಟ್ಟಿಗೆ ಎಸರಿಟ್ಟೆ. ಹಿಟ್ಟು ತೆಗೆದುಕೊಂಡವಳಿಗೆ ಎಸರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂತು. ಇನ್ನೊಂದು ಚಿಟಿಕೆ ಹಾಕಿ ಹಿಟ್ಟು ಕಲಸಲು ಕೂತೆ.