ಕೈ ಮುಟ್ಟಿಸಬಾರದ ಗುಳಿಗೆ

ಹಂದಿ ಸಾಕುವವರ ಪಕ್ಕದ ಮನೆಯಲ್ಲಿ ಬಾಳುವುದು ಸುಲಭವಲ್ಲ. ವಾಸನೆಗಾಗಿ ನಾನು ರಾಯವ್ವನ ಜೊತೆ ಎಷ್ಟೋ ಸಲ ಜಗಳ ತೆಗೆದಿದ್ದೇನೆ. ಆದರೂ ನಮ್ಮೂರು ನೇಸರಗಿಯಲ್ಲಿ ಅವಳಷ್ಟು ಹಟದ ಹೆಂಗಸನ್ನು ಕಂಡಿಲ್ಲ.

ಹುಡುಗಿಯಾಗಿದ್ದಾಗ ಅವಳು ಉಳವಪ್ಪನವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ನೀರಡಿಸಿದರೆ ಬೊಗಸೆ ಒಡ್ಡಿ ನಿಲ್ಲಬೇಕು. ಉಳವಪ್ಪನ ತಾಯಿ ತಂಬಿಗೆ ಎತ್ತಿ ಹಿಡಿದು ಮೇಲಿಂದ ಸುರಿಯುತ್ತಿದ್ದಳು. ನಮ್ಮ ಕೇರಿಯ ಯಾರ ಕೈಗೂ ತಂಬಿಗೆ ಕೊಡುತ್ತಿರಲಿಲ್ಲ. ಆ ಕೂಲಿ ಬಿಟ್ಟು ಹಿತ್ತಿಲಲ್ಲಿ ಹಂದಿ ಸಾಕಲು ಹಿಡಿದ ಮೇಲೆ ರಾಯವ್ವ ಯಾರೆದುರೂ ಬೊಗಸೆ ಒಡ್ಡಿಲ್ಲ.

ಹೋದ ಮಳೆಗಾಲದಲ್ಲಿ ಅವಳ ಕೆಂಚಿ ಹಂದಿಯ ಮರಿಗಳಿಗೆ ಭೇದಿ ಹತ್ತಿತು. ಹಿಂದಿನ ಸೂಲಿನ ಮರಿಗಳೆಲ್ಲ ಹೀಗೇ ಸತ್ತಿದ್ದವು. ಇವೂ ಹೋದರೆ ದೊಡ್ಡಿ ಕಿತ್ತು ಹಾಕಿ ಮತ್ತೆ ಕೂಲಿಗೆ ಹೋಗುವುದೇ ಸೈ ಎಂದು ಗಂಡ ಜಟ್ಟೆಪ್ಪ ಹೇಳಿಬಿಟ್ಟಿದ್ದ. ಪಶುವೈದ್ಯರು ಬಂದು ಚುಚ್ಚುಮದ್ದು ಹಾಕಿ, ನೆಲ ಒಣಗಿರಲಿ, ಉಪ್ಪು ಸಕ್ಕರೆ ನೀರು ಕುಡಿಸು ಎಂದರು. ಅದೇ ದಿನ ಸಚಿನನೂ ಬಂದ. ಬೈಲಹೊಂಗಲದವನು, ಹಂದಿಯ ಮೇವಿಗೆ, ನೀರಿಗೆ ಬೆರೆಸುವ ಹೋಮಿಯೋಪಥಿ ಗುಳಿಗೆಗಳನ್ನು ಬೈಕಿನ ಮೇಲೆ ಊರೂರಿಗೆ ಒಯ್ದು ಮಾರುತ್ತಾನೆ. ಬಾಟಲಿ ಕೊಟ್ಟು, ಮುಚ್ಚಳದಿಂದಲೇ ನೀರಿಗೆ ಸುರಿ, ಕೈ ಮಾತ್ರ ಮುಟ್ಟಿಸಬೇಡ ಎಂದ.

ರಾಯವ್ವನ ಮುಖ ಬಿಗಿಯಿತು.

"ಯಾಕ್ರಿ, ನನ್ನ ಕೈಗೇನಾಗೇತಿ?"

ಪಾಪ, ಆ ಮಾತು ಅವಳಿಗೆ ಯಾಕೆ ಚುಚ್ಚಿತೆಂದು ಅವನಿಗೆ ತಿಳಿಯಲೇ ಇಲ್ಲ. ಯಾರು ಮುಟ್ಟಿದರೂ ಶಕ್ತಿ ಹೋಗುತ್ತದೆ, ಮನುಷ್ಯರ ಗುಳಿಗೆಗೂ ಇದೇ ನೇಮ ಎಂದು ಬಿಡಿಸಿ ಹೇಳಿದ. ನಾನೂ ಹೌದೆಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಆ ಕಡೆ ಹೋದದ್ದೇ ತಡ, ಗುಳಿಗೆಯನ್ನು ಅಂಗೈಗೆ ಸುರಿದುಕೊಂಡು, ತಿಕ್ಕಿ ಪುಡಿ ಮಾಡಿ, ಉಪ್ಪು ಸಕ್ಕರೆ ನೀರಿಗೆ ಕಲಸಿದಳು. ಒಂದೊಂದೇ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೈಯಿಂದಲೇ ಕುಡಿಸಿದಳು. ನಿನ್ನ ಸಿಟ್ಟಿಗೆ ಮರಿ ಯಾಕೆ ಸಾಯಬೇಕು ಎಂದು ಬೈದೆ. ಅವಳು ಅಳುತ್ತಿದ್ದಳು, ಕುಡಿಸುವುದನ್ನು ಬಿಡಲಿಲ್ಲ. ದಿನಾ ನೆಲ ಬಳಿದು, ಬೂದಿ ಹರಡಿ, ಒಣಗಿದ ಗೋಣಿಚೀಲ ಹಾಸಿದಳು. ಒಂದು ಮರಿ ಸತ್ತಿತು. ಉಳಿದವು ಎದ್ದು ತಾಯಿಯ ಮೊಲೆಗೆ ಕಿತ್ತಾಡತೊಡಗಿದವು.

ತನ್ನ ಗುಳಿಗೆಯಿಂದಲೇ ಉಳಿದವೆಂದು ಸಚಿನನ ಹಿಗ್ಗು ಕೇಳಬೇಕೇ! ಬೈಲಹೊಂಗಲದಲ್ಲಿ ಹಂದಿ ಸಾಕುವವರನ್ನು ಸೇರಿಸಿ, ರಾಯವ್ವನನ್ನು ಮಾತಾಡಲು ಕರೆದೊಯ್ದ. ನಾನೂ ಜೊತೆಗೆ ಹೋದೆ. ನೇಮದಂತೆ ಕೊಟ್ಟೆ ಎಂದಷ್ಟೇ ಹೇಳು ಎಂದು ದಾರಿಯುದ್ದಕ್ಕೂ ಕಲಿಸಿದ. ಇವಳು ಮೈಕ್ ಹಿಡಿದು ನಿಂತಳು.

"ಗುಳಿಗಿ ಕೈಯಾಗ ಹಾಕ್ಕೊಂಡು, ಕೈಲೇ ಕಲಸಿ ಕುಡಿಸೇನ್ರಿ. ಡಾಕ್ಟ್ರ ಸೂಜಿನೂ ಆಗಿತ್ತು, ನೆಲಾನೂ ಒಣಗಿಸಿದ್ದೆ. ಯಾವುದರಿಂದ ಬದುಕಿದ್ವೋ ನನಗ ಗೊತ್ತಿಲ್ಲ. ನನ್ನ ಕೈ ತಾಗಿ ಸಾಯಲಿಲ್ಲ, ಅಷ್ಟು ಗೊತ್ತು."

ಸಚಿನ ತಲೆಗೆ ಕೈ ಹಚ್ಚಿ ಕುಳಿತ. ಹಿಂದಿನ ಸಾಲಿನಿಂದ ಉಳವಪ್ಪ ಎದ್ದ. ಅವನೂ ಈಗ ಹೊಲದಲ್ಲಿ ಶೆಡ್ ಹಾಕಿ ಹಂದಿ ಸಾಕುತ್ತಾನೆ. ಅಲ್ಲಿಯೂ ಮರಿಗಳು ಉಳಿಯುತ್ತಿರಲಿಲ್ಲ. ಒಮ್ಮೆ ಬಂದು ಮರಿಗಳನ್ನು ನೋಡಿ, ನಿನ್ನ ಕೈಯಿಂದಲೇ ಕುಡಿಸಿ ಹೋಗವ್ವ ಎಂದು ಎಲ್ಲರೆದುರು ಕೇಳಿದ.

ರಾಯವ್ವ ಅವನನ್ನೇ ನೋಡಿದಳು.

"ಬರತೇನ್ರಿ. ಆದ್ರ ನನಗ ನೀರಡಿಸಿದ್ರ, ತಂಬಿಗಿ ನನ್ನ ಕೈಯಾಗ ಕೊಡಬೇಕು."

ಉಳವಪ್ಪ ಹೂಂ ಎಂದ.